ಹಳೆ ರೈಲಿಗೆ ಹೊಸ ಮೋಟರ್: ಮೊದಲು ಗೇರಿನ ಹಲ್ಲು ಎಣಿಸಿ

ಅಟ್ಟದಿಂದ ಇಳಿಸಿದ ಬ್ರಿಟಿಷ್ ಆಟಿಕೆ ರೈಲಿನ, ಅಂದರೆ ಟ್ರೈ-ಆಂಗ್ ಅಥವಾ ಹಾರ್ನ್‌ಬಿ ಎಂಜಿನ್ ಹಳಿಯ ಮೇಲಿಟ್ಟ ಕೂಡಲೇ ಗುಂಯ್ ಎಂದು ಸುಮ್ಮನಾದರೆ ಮೋಟರ್ ಸುಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. ಬೆಳಗಾವಿಯ ಮಳೆಗಾಲವನ್ನು ಹತ್ತಿಪ್ಪತ್ತು ಸಲ ಡಬ್ಬಿಯಲ್ಲೇ ಕಳೆದ ಎಂಜಿನ್ನಿನಲ್ಲಿ ಎಣ್ಣೆ ಅಂಟಾಗಿರುತ್ತದೆ, ಸುರುಳಿಗಳಿಗೆ ಕರೆಂಟ್ ಹಂಚುವ ತಾಮ್ರದ ತುಂಡುಗಳ (ಕಮ್ಯುಟೇಟರ್) ಮೇಲೆ ಕಪ್ಪು ಪದರ ಕೂತಿರುತ್ತದೆ. ಗುಳೇದಗುಡ್ಡ, ಇಳಕಲ್ಲಿನ ಮಗ್ಗದ ಮನೆಯಾದರೆ ಅಚ್ಚಿಗೆ ನೂಲಿನ ಎಳೆ ಸುತ್ತಿಕೊಂಡಿರಲೂಬಹುದು. ಇವಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ ಮತ್ತು ತಾಳ್ಮೆ ಸಾಕು.

ಒರೆಸಿದ ಮೇಲೂ ತಿರುಗದಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಬ್ರಷ್‌ಗಳನ್ನು (ಕಮ್ಯುಟೇಟರಿಗೆ ಒತ್ತಿಕೊಂಡು ಕರೆಂಟ್ ಕೊಡುವ ತುಂಡುಗಳು) ಎತ್ತಿ ಹಿಡಿದು, ಕಮ್ಯುಟೇಟರಿನ ಮೂರು ತುಂಡುಗಳನ್ನು ಎರಡೆರಡಾಗಿ ಅಳೆಯಿರಿ. ಮೂರು ಅಳತೆಯೂ ಒಂದೇ ಬಂದರೆ ಸುರುಳಿಗಳು ಸರಿಯಿವೆ. ಎರಡು ಒಂದೇ ಆಗಿ ಮೂರನೆಯದು ಅವುಗಳ ಇಮ್ಮಡಿ ತೋರಿಸಿದರೆ ಒಂದು ಸುರುಳಿ ಕಡಿದಿದೆ. ಯಾವುದೇ ತುಂಡಿಗೂ ಶಾಫ್ಟಿಗೂ ನಡುವೆ ಸಂಪರ್ಕ ಕಂಡರೆ ಒಳಗೆ ಇನ್ಸುಲೇಷನ್ ಹೋಗಿದೆ. ಕೊನೆಯ ಎರಡು ಕಾಯಿಲೆಗಳಿಗೆ ಮಾತ್ರ ಹೊಸ ಮೋಟರ್ ಬೇಕು.

ಇನ್ನೊಂದು ಕಾಯಿಲೆ ಇದೆ, ಜನ ಅದನ್ನು ಸುಲಭಕ್ಕೆ ಗುರುತಿಸುವುದಿಲ್ಲ. ಎಂಜಿನ್ನನ್ನು ಕೈಯಲ್ಲಿ ಎತ್ತಿ ಹಿಡಿದರೆ ಚಕ್ರ ಜೋರಾಗಿ ತಿರುಗುತ್ತದೆ, ಎರಡು ಬೋಗಿ ಕಟ್ಟಿದರೆ ನರಳುತ್ತದೆ, ಐದು ನಿಮಿಷಕ್ಕೆ ಕೈ ಸುಡುತ್ತದೆ. ಇದು ಆಯಸ್ಕಾಂತ ಸೊರಗಿದ ಲಕ್ಷಣ. ತಿರುಗುವ ಮೋಟರ್ ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ಆಯಸ್ಕಾಂತ ಸೊರಗಿದರೆ ಆ ತಡೆ ಕಡಿಮೆಯಾಗಿ ಕರೆಂಟ್ ಒಳನುಗ್ಗುತ್ತದೆ. ಹಳೆಯ ತೆರೆದ ಮೋಟರುಗಳಲ್ಲಿರುವುದು ಆಲ್ನಿಕೊ ಆಯಸ್ಕಾಂತ. ಅದನ್ನು ಕಬ್ಬಿಣದ ಚೌಕಟ್ಟಿನಿಂದ ಹೊರಗೆಳೆದರೆ ಅಲ್ಲಿಗೇ ಬಲ ಕಳೆದುಕೊಳ್ಳುತ್ತದೆ, ಮತ್ತೆ ಕೂರಿಸಿದರೂ ಮೊದಲಿನಂತಾಗುವುದಿಲ್ಲ. ಶುದ್ಧಮಾಡುವ ಹುಮ್ಮಸ್ಸಿನಲ್ಲಿ ಹೀಗೆ ಕೆಟ್ಟ ಮೋಟರುಗಳೇ ಜಾಸ್ತಿ. ಅದರ ಜಾಗದಲ್ಲಿ ನಿಯೋಡಿಮಿಯಂ ತುಂಡು ಇಡಬಹುದು, ಆದರೆ ಅತಿಯಾಸೆ ಬೇಡ. ಮೂರು ಕಂಬದ ಆರ್ಮೇಚರನ್ನು (ಸುರುಳಿ ಸುತ್ತಿದ, ತಿರುಗುವ ಭಾಗ) ಬಲವಾದ ಆಯಸ್ಕಾಂತ ಒಂದೊಂದು ಕಂಬದ ಬಳಿಯೂ ಹಿಡಿದೆಳೆಯುತ್ತದೆ. ನಿಧಾನ ಓಟದಲ್ಲಿ ಎಂಜಿನ್ ಜಗ್ಗಿ ಜಗ್ಗಿ ನಡೆಯುತ್ತದೆ. ಹಳೆ ಆಯಸ್ಕಾಂತದ ಅರ್ಧ ದಪ್ಪದಿಂದ ಶುರುಮಾಡಿ, ಉಳಿದ ಸಂದಿಗೆ ಮೆದು ಕಬ್ಬಿಣದ ತುಂಡು ಕೊಡುವುದು ವಾಸಿ. ರೈಲು ಹಿಂದಕ್ಕೆ ಓಡಿದರೆ ಆಯಸ್ಕಾಂತವನ್ನು ಮಗುಚಿ ಹಾಕಿ. ಎರಡು ಹಳಿಯ ಡಿಸಿ ರೈಲಿನಲ್ಲಿ ಬಲಗಡೆಯ ಹಳಿಗೆ ಪ್ಲಸ್ ಕೊಟ್ಟರೆ ಎಂಜಿನ್ ಮುಂದಕ್ಕೆ ಹೋಗಬೇಕೆಂಬುದು ರೂಢಿ.

ಮೋಟರನ್ನೇ ಬದಲಿಸುವುದಾದರೆ ಅಂಗಡಿಗೆ ಹೋಗುವ ಮುಂಚೆ ಗೇರಿನ ಹಲ್ಲು ಎಣಿಸಿ. ಮೋಟರ್ ಶಾಫ್ಟಿನ ಮೇಲಿರುವ ತಿರುಪಿನಂಥ ಗೇರೇ ವರ್ಮ್. ಅದು ಒಂದೇ ಎಳೆಯದಾದರೆ ಅಚ್ಚಿನ ಗೇರಿಗೆ ಎಷ್ಟು ಹಲ್ಲೋ ಅದೇ ಅನುಪಾತ. 30 ಹಲ್ಲು, 24 ಮಿ.ಮೀ. ಚಕ್ರ, 1:76 ಅಳತೆಯ ಎಂಜಿನ್ ಎಂದುಕೊಳ್ಳೋಣ. ನಿಜವಾದ ರೈಲಿನ ಗಂಟೆಗೆ 100 ಕಿ.ಮೀ. ವೇಗ ಮಾದರಿಯಲ್ಲಿ ಸೆಕೆಂಡಿಗೆ ಸುಮಾರು 37 ಸೆಂ.ಮೀ. ಚಕ್ರದ ಸುತ್ತಳತೆ ಸುಮಾರು 75 ಮಿ.ಮೀ. ಆದ್ದರಿಂದ ಚಕ್ರ ನಿಮಿಷಕ್ಕೆ 290 ಸುತ್ತು, ಮೋಟರ್ 8,700 ಸುತ್ತು. ಅಂದರೆ ಭಾರ ಎಳೆಯುತ್ತಾ 12 ವೋಲ್ಟಿನಲ್ಲಿ ಒಂಬತ್ತು ಸಾವಿರದ ಆಸುಪಾಸು ತಿರುಗುವ ಮೋಟರ್ ಬೇಕು. ಇಪ್ಪತ್ತು ಸಾವಿರದ್ದು ಹಾಕಿದರೆ ತಿರುವಿನಲ್ಲಿ ಹಾರಿ ನೆಲಕ್ಕೆ ಬೀಳುತ್ತದೆ.

ಬಲದ ಲೆಕ್ಕವೂ ಇಷ್ಟೇ ಸರಳ. 300 ಗ್ರಾಂ ಎಂಜಿನ್ನಿನ ಭಾರವೆಲ್ಲ ಎಳೆಯುವ ಚಕ್ರಗಳ ಮೇಲಿದ್ದರೆ, ಅದರ ಐದನೇ ಒಂದು ಭಾಗ, ಸುಮಾರು 60 ಗ್ರಾಂ ಎಳೆದಾಗ ಚಕ್ರ ಜಾರುತ್ತದೆ. 12 ಮಿ.ಮೀ. ತ್ರಿಜ್ಯಕ್ಕೆ ಅಚ್ಚಿನಲ್ಲಿ 72 ಗ್ರಾಂ-ಸೆಂ.ಮೀ. ತಿರುಚು ಬಲ, 30ರಿಂದ ಭಾಗಿಸಿದರೆ 2.4. ಆದರೆ ವರ್ಮ್ ಗೇರ್ ತಿಕ್ಕಾಟದಲ್ಲೇ ಮೂರರಲ್ಲಿ ಎರಡು ಪಾಲು ತಿನ್ನುತ್ತದೆ, ಹಾಗಾಗಿ ಮೋಟರ್ ಏಳೆಂಟು ಕೊಡಬೇಕು. ಸ್ಟಾಲ್ ಟಾರ್ಕ್, ಅಂದರೆ ಮೋಟರ್ ನಿಂತುಹೋಗುವ ಹಂತದ ತಿರುಚು ಬಲ, ಇದರ ಮೂರು ಪಟ್ಟು, 22 ಗ್ರಾಂ-ಸೆಂ.ಮೀ. ಇರುವುದನ್ನು ಆರಿಸಿ. ಮೋಟರ್ ನಿಂತುಹೋಗುವ ಮೊದಲು ಚಕ್ರ ಜಾರಲೇಬೇಕು. ಜಾರುವ ಚಕ್ರ ಮೋಟರಿನ ಫ್ಯೂಸ್ ಇದ್ದಂತೆ. ಲೋಂಡಾದಿಂದಾಚೆ, ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದ ಏರು 37ಕ್ಕೆ 1. ಅದನ್ನೇ ಮನೆಯಲ್ಲಿ ಪುಸ್ತಕ ಪೇರಿಸಿ ಕಟ್ಟಿದರೆ, ಒಂದು ಕಿಲೋ ಬೋಗಿಗಳು ಏರಿಗೆಂದೇ 27 ಗ್ರಾಂ ಎಳೆತ ಕೇಳುತ್ತವೆ, ಎಂಜಿನ್ನಿನ ಸ್ವಂತ ಭಾರಕ್ಕೆ ಇನ್ನೂ 8 ಗ್ರಾಂ. ಅರವತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು.

ಗುಜರಿಯಲ್ಲಿ ಸಿಗುವ ಮೋಟರುಗಳಲ್ಲಿ ಕೆಲವು ಬಲೆಗಳಿವೆ. ಆಟಿಕೆ ಕಾರಿನ 130 ಅಳತೆಯ ಮೋಟರ್ 20, 15, 25 ಮಿ.ಮೀ. ಇದ್ದು ಜಾಗಕ್ಕೆ ಹೊಂದಬಹುದು, ಆದರೆ ಅದು ಸಾಮಾನ್ಯವಾಗಿ 3 ವೋಲ್ಟಿನದು. 12 ಕೊಟ್ಟರೆ ಹೊಗೆ. ಟೇಪ್ ರೆಕಾರ್ಡರಿನ ಮೋಟರ್ ನಾಜೂಕಾಗಿ ತಿರುಗುತ್ತದೆ ನಿಜ, ಆದರೆ ವೇಗವನ್ನು ಒಂದೇ ಮಟ್ಟದಲ್ಲಿಡುವ ಗವರ್ನರ್ ಅದರ ಹೊಟ್ಟೆಯೊಳಗಿರುತ್ತದೆ. ರೈಲಿಗೆ ಬೇಕಾದ ಏರಿಳಿತವನ್ನೂ ಹಿಮ್ಮುಖ ಓಟವನ್ನೂ ಅದು ಕೊಡದು. ಪ್ರಿಂಟರಿನ 24 ವೋಲ್ಟ್ ಮೋಟರ್ ದಪ್ಪ ಎಂಜಿನ್ನಿಗೆ ಒಳ್ಳೆಯದೇ, 12 ವೋಲ್ಟಿನಲ್ಲಿ ಅರ್ಧ ವೇಗ, ಅರ್ಧ ಬಲ ಎಂಬ ಲೆಕ್ಕವಿರಲಿ. ಐದು ಕಂಬದ 12 ವೋಲ್ಟ್ ಮುಚ್ಚಿದ ಮೋಟರ್ ಸಿಕ್ಕರೆ ಬೇರೇನೂ ನೋಡಬೇಡಿ. ಹಳೆಯ ಮಾರ್ಕ್ಲಿನ್ ಎಸಿ ರೈಲಿಗೆ ಮಾತ್ರ ಈ ಲೇಖನದ ಲೆಕ್ಕ ನೇರವಾಗಿ ಹೊಂದದು.

ಶಾಫ್ಟಿನ ವಿಷಯಕ್ಕೆ ಬರೋಣ. ಬ್ರಿಟಿಷ್ ವರ್ಮಿನ ತೂತು 3/32 ಇಂಚು, ಅಂದರೆ 2.38 ಮಿ.ಮೀ. ಇದ್ದು, ಹೊಸ ಮೋಟರಿನ ಶಾಫ್ಟ್ 2 ಮಿ.ಮೀ. ಇದ್ದರೆ ನಡುವೆ ಕೂರಿಸುವ ಕೊಳವೆಯ, ಅಂದರೆ ಬುಷ್‌ನ ಗೋಡೆ ಬರೀ 0.19 ಮಿ.ಮೀ. ಉದ್ಯಮಬಾಗದ ಲೇತ್ ಅಂಗಡಿಗೆ ಒಯ್ಯುವಾಗ ವರ್ಮನ್ನೂ ಮೋಟರನ್ನೂ ಜೊತೆಗೇ ಒಯ್ಯಿರಿ, ಬಾಯಲ್ಲಿ ಹೇಳಿದ ಅಳತೆ ಇಲ್ಲಿ ಕೆಲಸಕ್ಕೆ ಬಾರದು. ಬುಷ್ ಕೂದಲೆಳೆಯಷ್ಟು ವಾರೆಯಾದರೂ ವರ್ಮ್ ಒಂದು ಸುತ್ತಿಗೊಮ್ಮೆ ಗೇರನ್ನು ಅದುಮಿ ಗುರುಗುಟ್ಟುತ್ತದೆ.

ಕೂರಿಸುವಾಗ ವರ್ಮಿಗೂ ಗೇರಿಗೂ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಮೋಟರನ್ನು ಬಿಗಿದು, ಆಮೇಲೆ ಚಕ್ರ ತಿರುಗಿಸಿ ಕಾಗದ ತೆಗೆಯಿರಿ. ಬೇಕಾದ ಸಂದಿ ತಾನಾಗಿ ಉಳಿಯುತ್ತದೆ. ಶಾಫ್ಟ್ ಉದ್ದಕ್ಕೆ ಹಿಂದುಮುಂದು ಆಡುತ್ತಿದ್ದರೆ ಇಳಿಜಾರಿನಲ್ಲಿ ರೈಲು ತೂರಾಡುತ್ತದೆ, ತೆಳು ವಾಷರ್ ಹಾಕಿ. ಹಳೆ ಮೋಟರಿನ ಒಂದು ಬ್ರಷ್ ಚಾಸಿಗೇ, ಅಂದರೆ ಎಂಜಿನ್ನಿನ ಲೋಹದ ಚೌಕಟ್ಟಿಗೇ, ಸೇರಿಕೊಂಡಿತ್ತು. ಹೊಸದರಲ್ಲಿ ಎರಡೂ ಟರ್ಮಿನಲ್ ಬೇರೆ, ಹಾಗಾಗಿ ಚಾಸಿಯಿಂದ ಒಂದು ತಂತಿ ಎಳೆಯಲೇಬೇಕು. ಬೆಸುಗೆಯ ಬಿಸಿ ಮೂರು ಸೆಕೆಂಡ್ ದಾಟದಿರಲಿ, ಟರ್ಮಿನಲ್ ಹಿಡಿದಿರುವ ಪ್ಲಾಸ್ಟಿಕ್ ಕರಗುತ್ತದೆ.

ಎಲ್ಲ ಸರಿಯಾಗಿದ್ದೂ ಗುಂಡಿ ತಿರುಗಿಸಿದ ಕೂಡಲೇ ರೈಲು ಬಾಣದಂತೆ ಚಿಮ್ಮಿದರೆ ತಪ್ಪು ಮೋಟರಿನದಲ್ಲ, ಗುಂಡಿ ತಿರುಗಿಸಿ ತಡೆಯನ್ನು ಹೆಚ್ಚುಕಡಿಮೆ ಮಾಡುವ ಹಳೆಯ ರಿಯೋಸ್ಟಾಟ್ ಕಂಟ್ರೋಲರಿನದು. ಗುಂಡಿ 16 ಓಮ್‌ನಲ್ಲಿದ್ದಾಗ ಅರ್ಧ ಆಂಪಿಯರ್ ಕುಡಿಯುವ ಹಳೆ ಮೋಟರಿಗೆ ದಾರಿಯಲ್ಲೇ 8 ವೋಲ್ಟ್ ಕಳೆದು 4 ಉಳಿಯುತ್ತಿತ್ತು. ಹೊಸದು 0.1 ಆಂಪಿಯರ್ ಮಾತ್ರ ಎಳೆದರೆ ಕಳೆಯುವುದು 1.6, ಮೋಟರಿಗೆ ಸಿಗುವುದು 10.4 ವೋಲ್ಟ್. ಟ್ರಾನ್ಸಿಸ್ಟರ್ ಕಂಟ್ರೋಲರ್ ಹಾಕಿಕೊಳ್ಳಿ. ಅಮೆರಿಕದಿಂದ ಬಂದ ಸೆಟ್ಟಾದರೆ ಅದರ ಟ್ರಾನ್ಸ್‌ಫಾರ್ಮರ್ ಮೇಲೆ 110 ಅಥವಾ 120 ಎಂದಿದೆಯೇ ನೋಡಿ, ನಮ್ಮ 230 ವೋಲ್ಟಿಗೆ ಚುಚ್ಚಬೇಡಿ.

ಬೋಗಿ ಕಟ್ಟುವ ಮುಂಚೆ 6 ವೋಲ್ಟಿನಲ್ಲಿ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸಿ. ಬ್ರಷ್‌ಗಳು ಕಮ್ಯುಟೇಟರಿನ ದುಂಡಿಗೆ ಸವೆದು ಕೂತುಕೊಳ್ಳಲು ಅಷ್ಟು ಹೊತ್ತು ಬೇಕು.