ನೀರಿನಿಂದ 60 ಅಡಿ ಎತ್ತರದಲ್ಲಿ

ವಿಮಾನದ ಎತ್ತರಮಾಪಕ ಗಾಳಿಯ ಒತ್ತಡವನ್ನು ಅಳೆದು ಎತ್ತರವನ್ನು ತೋರಿಸುತ್ತದೆ. ಸಾವಿರಾರು ಅಡಿ ಮೇಲೆ ಹಾರುವವರಿಗೆ ಅಷ್ಟು ಸಾಕು. ರಾತ್ರಿಯಲ್ಲಿ, ಗಂಟೆಗೆ ಸುಮಾರು 370 ಕಿ.ಮೀ. ವೇಗದಲ್ಲಿ, ಜಲಾಶಯದಿಂದ ಸರಿಯಾಗಿ 60 ಅಡಿ ಮೇಲೆ ಹಾರಬೇಕಾದವರು ಅದನ್ನು ನಂಬಿ ಕೂರುವಂತಿಲ್ಲ. 1943ರ ಮಾರ್ಚ್‌ನಲ್ಲಿ ಎರಡನೇ ಮಹಾಯುದ್ಧದ ನಡುವೆ, ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲೆಂದು ಇಂಗ್ಲೆಂಡಿನ ಸ್ಕಾಂಪ್ಟನ್ ನೆಲೆಯಲ್ಲಿ ರಚನೆಯಾದ ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್‌ನ ಲ್ಯಾಂಕಾಸ್ಟರ್ ಬಾಂಬರ್‌ಗಳ ಹೊಟ್ಟೆಯಡಿ ಇದಕ್ಕಾಗಿಯೇ ಎರಡು ದೀಪಗಳನ್ನು ಓರೆಯಾಗಿ ಜೋಡಿಸಲಾಯಿತು. ನೀರಿನ ಮೇಲೆ ಬಿದ್ದ ಎರಡು ಬೆಳಕಿನ ಮಚ್ಚೆಗಳು ಒಂದನ್ನೊಂದು ಮುಟ್ಟಿದರೆ ಎತ್ತರ ಸರಿಯಿದೆ ಎಂದರ್ಥ. ನ್ಯಾವಿಗೇಟರ್ ಅವನ್ನೇ ನೋಡುತ್ತಾ ಪೈಲಟ್‌ಗೆ 'ಇಳಿಸು, ಇನ್ನೂ ಇಳಿಸು' ಎನ್ನುತ್ತಿದ್ದ. ಅದೇ ಬೆಳಕು ಅಣೆಕಟ್ಟಿನ ಮೇಲಿದ್ದ ಫಿರಂಗಿಗಳಿಗೂ ವಿಮಾನವನ್ನು ತೋರಿಸಿಕೊಡುತ್ತಿತ್ತು.

ಇಷ್ಟು ಕೆಳಗೆ ಇಳಿಯಬೇಕಾದದ್ದು ಏಕೆ? ಗೋಡೆಯಿಂದ ದೂರದಲ್ಲಿ ಸಿಡಿದ ಬಾಂಬು ಎಷ್ಟೇ ದೊಡ್ಡದಿದ್ದರೂ ಅಣೆಕಟ್ಟನ್ನು ಒಡೆಯುವುದು ಕಷ್ಟ. ನೀರಿನ ಆಳದಲ್ಲಿ ಗೋಡೆಗೆ ಅಂಟಿಕೊಂಡು ಸಿಡಿದರೆ, ಹಿಂದಿರುವ ನೀರು ಸ್ಫೋಟದ ಬಲವನ್ನು ಗೋಡೆಯತ್ತಲೇ ಒತ್ತಿಹಿಡಿಯುತ್ತದೆ. 1942ರಲ್ಲಿ ವೇಲ್ಸ್‌ನ ಎಲಾನ್ ಕಣಿವೆಯಲ್ಲಿ ಬಳಕೆ ತಪ್ಪಿದ್ದ ಪುಟ್ಟ ಅಣೆಕಟ್ಟೊಂದನ್ನು ಸುಮಾರು 127 ಕೆ.ಜಿ. ಸ್ಫೋಟಕ ಹೀಗೆಯೇ ಒಡೆದುಹಾಕಿತ್ತು. ಆದರೆ ಜರ್ಮನಿಯ ಮೋನೆ ಅಣೆಕಟ್ಟಿನ ಮುಂದೆ ಟಾರ್ಪೀಡೋಗಳನ್ನು ತಡೆಯುವ ಬಲೆಗಳಿದ್ದವು. ತೀರ ಕೆಳಗಿನಿಂದ ಬಿಟ್ಟಾಗ ನೀರಿನ ಮೇಲೆ ಕುಪ್ಪಳಿಸುತ್ತಾ ಆ ಬಲೆಗಳನ್ನು ದಾಟಿ ಹೋಗುವಂಥ, ಪೀಪಾಯಿಯಾಕಾರದ, ನಾಲ್ಕು ಟನ್ನಿಗೂ ಹೆಚ್ಚು ತೂಕದ ಬಾಂಬನ್ನು ಎಂಜಿನಿಯರ್ ಬಾರ್ನ್ಸ್ ವಾಲಿಸ್ ರೂಪಿಸಿದರು. ಅದನ್ನು ಬಿಡುವ ಮೊದಲೇ ನಿಮಿಷಕ್ಕೆ 500 ಸುತ್ತಿನಂತೆ ಹಿಮ್ಮುಖವಾಗಿ ತಿರುಗಿಸಲಾಗುತ್ತಿತ್ತು. ಈ ತಿರುಗುವಿಕೆಯಲ್ಲೇ ಇಡೀ ಯೋಜನೆಯ ಜಾಣ್ಮೆ ಅಡಗಿದೆ ಎಂದು ನನಗನ್ನಿಸುತ್ತದೆ: ಬಾಂಬು ಅದರಿಂದಾಗಿ ಅಡ್ಡಾದಿಡ್ಡಿ ಹೊರಳದೆ ಕುಪ್ಪಳಿಸುತ್ತಿತ್ತು, ಗೋಡೆಗೆ ಬಡಿದ ಮೇಲೂ ದೂರ ಸಿಡಿದುಹೋಗದೆ ಅದಕ್ಕೆ ಒತ್ತಿಕೊಂಡೇ ಮುಳುಗುತ್ತಿತ್ತು. ಸುಮಾರು 9 ಮೀಟರ್ ಆಳದಲ್ಲಿ, ನೀರಿನ ಒತ್ತಡದಿಂದಲೇ ಚಾಲನೆಗೊಳ್ಳುವ ಸಾಧನ ಅದನ್ನು ಸಿಡಿಸುತ್ತಿತ್ತು.

1943ರ ಮೇ 16ರ ರಾತ್ರಿ ಗೈ ಗಿಬ್ಸನ್ ನಾಯಕತ್ವದಲ್ಲಿ 19 ವಿಮಾನಗಳು, 133 ಮಂದಿ ಹೊರಟರು. ಮೋನೆ ಐದನೆಯ ಬಾಂಬಿಗೆ ಒಡೆಯಿತು, ಆಮೇಲೆ ಏಡರ್ ಅಣೆಕಟ್ಟು ಕೂಡ. ಮಣ್ಣಿನ ಏರಿಯ ಸೋರ್ಪೆ ಮಾತ್ರ ನಿಂತಿತು. ಎಂಟು ವಿಮಾನಗಳು ಮರಳಲಿಲ್ಲ, 53 ಮಂದಿ ಸತ್ತರು. ಕಣಿವೆಗೆ ನುಗ್ಗಿದ ನೀರಿನಲ್ಲಿ ಸುಮಾರು 1,300 ಜನ ಮುಳುಗಿದರು. ಅವರಲ್ಲಿ ನೂರಾರು ಮಂದಿ ಸೋವಿಯತ್ ನಾಡಿನಿಂದ ಹಿಡಿದು ತಂದು ನೈಹೈಮ್ ಊರಿನ ಶಿಬಿರದಲ್ಲಿ ಕೂಡಿಹಾಕಿದ್ದ ಹೆಂಗಸರು. ಈ ಯುದ್ಧದಲ್ಲಿ ಅವರು ಜರ್ಮನಿಯ ಪರವಾಗಿರಲಿಲ್ಲ. ಮೋನೆಯ ಒಡಕನ್ನು ಅದೇ ವರ್ಷ, ಚಳಿಗಾಲದ ಮಳೆ ಬರುವ ಮುನ್ನವೇ ಮುಚ್ಚಲಾಯಿತು, ಅದನ್ನು ಕಟ್ಟಿದವರಲ್ಲೂ ಬಲವಂತದ ಕೂಲಿಗಳಿದ್ದರು.