ಎನ್‌ಬಿಎ ಡ್ರಾಫ್ಟ್‌ಗೆ ಮುನ್ನ ಬರುವ ಪಟ್ಟಿಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ ಪ್ರತಿ ವರ್ಷ ಹತ್ತಿರವಾದಂತೆ ತಜ್ಞರು ‘ಮಾಕ್ ಡ್ರಾಫ್ಟ್’ ಪಟ್ಟಿಗಳನ್ನು ಪ್ರಕಟಿಸುತ್ತಾರೆ. ಅಳತೆ, ಅಂಕಿಅಂಶ, ವಿಡಿಯೊ ಇಷ್ಟೆಲ್ಲ ಇದ್ದರೂ, ಮುಂದೆ ಮೂರು ಬಾರಿ ಲೀಗ್‌ನ ಶ್ರೇಷ್ಠ ಆಟಗಾರನೆನಿಸಿದ ನಿಕೋಲಾ ಯೋಕಿಚ್ ಅವರಂಥವರು 41ನೇ ಸ್ಥಾನದವರೆಗೆ ಯಾರೂ ಆರಿಸದೆ ಉಳಿದುಕೊಂಡದ್ದು ಹೇಗೆ? ಈ ಪಟ್ಟಿಗಳಿಗೆ ನಿಜಕ್ಕೂ ಬೆಲೆ ಇದೆಯೇ?

ಉತ್ತರ: ಬೆಲೆ ಇದೆ. ಆದರೆ ನಾವು ಪಟ್ಟಿಯನ್ನು ಕೇಳುವ ಪ್ರಶ್ನೆ ಒಂದು, ಅದು ಉತ್ತರಿಸಲು ಹೊರಟಿರುವ ಪ್ರಶ್ನೆ ಇನ್ನೊಂದು. ಮಾಕ್ ಡ್ರಾಫ್ಟ್ ಎಂದರೆ ಆ ರಾತ್ರಿ ಯಾವ ತಂಡ ಯಾರ ಹೆಸರನ್ನು ಕರೆಯಬಹುದು ಎಂಬ ಊಹೆ ಮಾತ್ರ. ಆಟಗಾರರು ಮುಂದೆ ಎಷ್ಟರ ಮಟ್ಟಿಗೆ ಬೆಳೆಯಬಹುದು ಎಂದು ಅಂದಾಜಿಸಿ ಜೋಡಿಸುವ ಪಟ್ಟಿಗೆ ‘ಬಿಗ್ ಬೋರ್ಡ್’ ಎನ್ನುತ್ತಾರೆ. 2014ರಲ್ಲಿ ಯೋಕಿಚ್ ಅವರನ್ನು ಎರಡನೇ ಸುತ್ತಿಗೆ ಬರೆದಿಟ್ಟವರ ಮಾಕ್ ಡ್ರಾಫ್ಟ್, ಮಾಕ್ ಡ್ರಾಫ್ಟ್ ಆಗಿ ಸರಿಯಾಗಿಯೇ ಇತ್ತು, ಏಕೆಂದರೆ ತಂಡಗಳು ಮಾಡಿದ್ದೂ ಅದನ್ನೇ. ತಪ್ಪಿದ್ದು ತಂಡಗಳ ತಕ್ಕಡಿ.

ಐಪಿಎಲ್ ಹರಾಜಿಗೆ ಒಗ್ಗಿಕೊಂಡ ನಮ್ಮ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಡ್ರಾಫ್ಟ್‌ನಲ್ಲಿ ಹಣದ ಕೂಗಾಟವಿಲ್ಲ, ಸರದಿ ಇದೆ. 30 ತಂಡಗಳು ಎರಡು ಸುತ್ತುಗಳಲ್ಲಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವೆ. ಪ್ಲೇಆಫ್ ತಲುಪದ 14 ತಂಡಗಳ ನಡುವೆ ಮೊದಲ ನಾಲ್ಕು ಸ್ಥಾನಗಳನ್ನು ಲಾಟರಿ ನಿರ್ಧರಿಸುತ್ತದೆ. 2019ರಿಂದ ಅತಿ ಕೆಟ್ಟ ದಾಖಲೆಯ ಮೂರು ತಂಡಗಳಿಗೂ ಮೊದಲ ಸ್ಥಾನದ ಸಾಧ್ಯತೆ ಸಮವಾಗಿ ಶೇ 14ರಷ್ಟಿದೆ. 2025ರಲ್ಲಿ ಕೇವಲ ಶೇ 1.8ರಷ್ಟು ಸಾಧ್ಯತೆಯಿದ್ದ ಡಲ್ಲಾಸ್ ಮ್ಯಾವರಿಕ್ಸ್‌ಗೆ ಆ ಸ್ಥಾನ ಒಲಿಯಿತು, ಆ ವರ್ಷದ ಅತಿ ಬೇಡಿಕೆಯ ಆಟಗಾರ ಕೂಪರ್ ಫ್ಲಾಗ್ ಆ ತಂಡದ ಪಾಲಾದರು. ಹೀಗಾಗಿ ಲಾಟರಿಗೆ ಮೊದಲೇ ಬರೆದ ಮಾಕ್ ಡ್ರಾಫ್ಟ್‌ಗಳನ್ನು ಮನರಂಜನೆಗಾಗಿ ಓದಿದರೆ ಸಾಕು.

ಇನ್ನು ಯೋಕಿಚ್ ಅವರ ವಿಷಯ. ಅವರು ಆಡುತ್ತಿದ್ದದ್ದು ಸೆರ್ಬಿಯಾದ ಮೆಗಾ ಕ್ಲಬ್‌ಗೆ, ಏಡ್ರಿಯಾಟಿಕ್ ಲೀಗ್‌ನಲ್ಲಿ. ಓಟ ನಿಧಾನ, ನೆಗೆತ ಸಾಧಾರಣ, ಮೈ ಸ್ವಲ್ಪ ದಪ್ಪ. ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟ್‌ಗಳ ವರದಿಯಲ್ಲಿ ಕಳಪೆಯಾಗಿ ಕಾಣಬೇಕಾದದ್ದೆಲ್ಲ ಅವರಲ್ಲಿತ್ತು. ಪಾಸ್ ಕೊಡುವ ಕಣ್ಣು, ಚೆಂಡು ಹಿಡಿದ ಕೈಯ ಮೃದುತ್ವ, ಎದುರಾಳಿ ಚಲಿಸುವ ಮೊದಲೇ ಅವನ ನಡೆಯನ್ನು ಓದುವ ಬುದ್ಧಿ ಇವು ಯಾವ ಟೇಪಿನ ಅಳತೆಗೂ ಸಿಗುವಂಥವಲ್ಲ. ಆಯ್ಕೆ ಮಾಡಿದ ಡೆನ್ವರ್ ನಗೆಟ್ಸ್ ತಂಡಕ್ಕೆ ಮಾತ್ರ ಈ ಗುಟ್ಟು ತಿಳಿದಿತ್ತು ಎಂದು ಈಗ ಕಥೆ ಕಟ್ಟುವವರಿದ್ದಾರೆ. ಆದರೆ ಅದೇ ಡ್ರಾಫ್ಟ್‌ನಲ್ಲಿ 16ನೇ ಆಯ್ಕೆಯಾದ ಯೂಸುಫ್ ನುರ್ಕಿಚ್ ಎಂಬ ಇನ್ನೊಬ್ಬ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ) ಆಟಗಾರನನ್ನು ಡೆನ್ವರ್ ವಿನಿಮಯದ ಮೂಲಕ ತನ್ನದಾಗಿಸಿಕೊಂಡಿತ್ತು. ಅಂದರೆ ಯೋಕಿಚ್ ಅವರನ್ನು ಪಡೆದ ತಂಡವೇ ಅವರಿಗಿಂತ ಮೊದಲು ಅವರದೇ ಸ್ಥಾನದಲ್ಲಿ ಆಡುವ ಮತ್ತೊಬ್ಬರನ್ನು ಬಯಸಿತ್ತು. ಯೋಕಿಚ್ ಇನ್ನೊಂದು ವರ್ಷ ಸೆರ್ಬಿಯಾದಲ್ಲೇ ಉಳಿದರು, 2015ರಲ್ಲಿ ಅಮೆರಿಕಕ್ಕೆ ಬಂದರು. 2021, 2022 ಮತ್ತು 2024ರಲ್ಲಿ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಆದರು, 2023ರಲ್ಲಿ ಡೆನ್ವರ್‌ಗೆ ಮೊದಲ ಪ್ರಶಸ್ತಿ ಗೆದ್ದುಕೊಟ್ಟರು.

ಹಾಗಾದರೆ ಅಳತೆಗಳು ವ್ಯರ್ಥವೇ ಎಂದು ಕೇಳಬಹುದು. ವ್ಯರ್ಥವಲ್ಲ, ಆದರೆ ಎಲ್ಲಕ್ಕೂ ಒಂದೇ ತೂಕವಿಲ್ಲ. ಮೇ ತಿಂಗಳಲ್ಲಿ ಷಿಕಾಗೋದಲ್ಲಿ ನಡೆಯುವ ‘ಕಂಬೈನ್’ ಶಿಬಿರದಲ್ಲಿ ಬೂಟಿಲ್ಲದ ಎತ್ತರ, ತೋಳು ಚಾಚಿದಾಗಿನ ಅಗಲ, ನೆಗೆತ, ಓಟ ಎಲ್ಲವನ್ನೂ ಅಳೆಯುತ್ತಾರೆ. ಇವುಗಳಲ್ಲಿ ತೋಳಿನ ಅಳತೆ ನಿಜಕ್ಕೂ ಉಪಯುಕ್ತ, ಏಕೆಂದರೆ ಚೆಂಡನ್ನು ತಡೆಯುವುದೂ ಕಸಿಯುವುದೂ ತೋಳಿನಿಂದ, ತಲೆಯ ಎತ್ತರದಿಂದಲ್ಲ. 2007ರಲ್ಲಿ, ಮುಂದೆ ದೊಡ್ಡ ತಾರೆಯಾದ ಕೆವಿನ್ ಡುರಾಂಟ್ ಅವರಿಗೆ ಬೆಂಚ್ ಪ್ರೆಸ್‌ನಲ್ಲಿ (ಮಲಗಿ ಭಾರ ಎತ್ತುವುದು) 185 ಪೌಂಡ್, ಎಂದರೆ ಸುಮಾರು 84 ಕಿಲೋ ತೂಕವನ್ನು ಒಮ್ಮೆಯೂ ಎತ್ತಲಾಗಲಿಲ್ಲ ಎಂಬುದು ಆಗ ದೊಡ್ಡ ಸುದ್ದಿಯಾಗಿತ್ತು. ಆ ವರ್ಷ ಅವರಿಗಿಂತ ಮೊದಲು ಆಯ್ಕೆಯಾದ ಗ್ರೆಗ್ ಓಡನ್ ಮೊಣಕಾಲಿನ ಗಾಯಗಳಿಂದಾಗಿ ಎನ್‌ಬಿಎಯಲ್ಲಿ ಒಟ್ಟು 105 ಪಂದ್ಯಗಳನ್ನಷ್ಟೇ ಆಡಿದರು. ಭಾರ ಎತ್ತುವ ಶಕ್ತಿಯನ್ನು ಎರಡು ಬೇಸಿಗೆಗಳಲ್ಲಿ ಗಳಿಸಬಹುದು, ಮೊಣಕಾಲಿನ ವಿಷಯ ಹಾಗಲ್ಲ.

ಅಂಕಿಅಂಶಗಳನ್ನು ಓದುವಾಗ ಬಹುತೇಕರು ಎಡವುವುದು ತ್ರೀ ಪಾಯಿಂಟ್ (ದೂರದ ಗೆರೆಯಾಚೆಯಿಂದ ಎಸೆದು ಮೂರು ಅಂಕ ಗಳಿಸುವ ಎಸೆತ) ಶೇಕಡಾವಾರಿನಲ್ಲಿ. ಒಬ್ಬ ಕಾಲೇಜು ಆಟಗಾರ ಒಂದು ಋತುವಿನಲ್ಲಿ ಸುಮಾರು 35 ಪಂದ್ಯಗಳನ್ನಾಡಿ, ದೂರದಿಂದ 150 ಬಾರಿ ಎಸೆದಿದ್ದಾನೆ ಎಂದುಕೊಳ್ಳಿ. 50 ಎಸೆತ ಬುಟ್ಟಿಗೆ ಬಿದ್ದರೆ ಶೇ 33, 59 ಬಿದ್ದರೆ ಶೇ 39. ಮೊದಲನೆಯವನನ್ನು ಸಾಧಾರಣನೆಂದೂ ಎರಡನೆಯವನನ್ನು ನಿಪುಣನೆಂದೂ ಕರೆಯುತ್ತೇವೆ, ಇಬ್ಬರ ನಡುವೆ ಇರುವುದು ಐದು ತಿಂಗಳಲ್ಲಿ ಒಂಬತ್ತು ಚೆಂಡುಗಳ ಅಂತರ. ಅದರ ಮೇಲೆ ಕಾಲೇಜಿನ ಗೆರೆ ಎನ್‌ಬಿಎ ಗೆರೆಗಿಂತ ಬುಟ್ಟಿಗೆ ಹತ್ತಿರದಲ್ಲಿದೆ. ಆದ್ದರಿಂದಲೇ ಅನುಭವಿ ವಿಶ್ಲೇಷಕರು ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ ಎಸೆತ) ದಾಖಲೆಯನ್ನೂ ಜೊತೆಗಿಟ್ಟು ನೋಡುತ್ತಾರೆ: 15 ಅಡಿಯ ಅದೇ ದೂರ, ಎದುರಿಗೆ ಯಾರೂ ಇಲ್ಲ, ಕೈಯ ಸ್ಥಿರತೆ ಮಾತ್ರ ಪರೀಕ್ಷೆಗೆ ಒಳಗಾಗುತ್ತದೆ. ಕವಾಯ್ ಲೆನರ್ಡ್ ಸ್ಯಾನ್ ಡಿಯಾಗೋ ಸ್ಟೇಟ್‌ನ ಎರಡು ವರ್ಷಗಳಲ್ಲಿ ದೂರದ ಎಸೆತಗಳಲ್ಲಿ ಶೇ 25ರಷ್ಟನ್ನು ಮಾತ್ರ ಬುಟ್ಟಿಗೆ ಹಾಕಿದ್ದರು. ಫ್ರೀ ಥ್ರೋನಲ್ಲಿ ನಾಲ್ಕಕ್ಕೆ ಮೂರರ ಆಸುಪಾಸು. 2011ರಲ್ಲಿ 15ನೆಯವರಾಗಿ ಆಯ್ಕೆಯಾದ ಅವರನ್ನು ವಿನಿಮಯದಲ್ಲಿ ಪಡೆದ ಸ್ಯಾನ್ ಆಂಟೋನಿಯೊ ಸ್ಪರ್ಸ್, ಎಸೆತದ ತರಬೇತುದಾರ ಚಿಪ್ ಎಂಗೆಲ್ಯಾಂಡ್ ಅವರ ಕೈಗೊಪ್ಪಿಸಿತು, ಮೊದಲ ಋತುವಿನಲ್ಲೇ ಅದು ಶೇ 37 ದಾಟಿತು. ಬೇರೊಂದು ತಂಡದ ಕೈಗೆ ಸಿಕ್ಕಿದ್ದರೆ ಹೀಗೇ ಆಗುತ್ತಿತ್ತೇ ಎಂಬುದನ್ನು ಯಾವ ಪಟ್ಟಿಯೂ ಹೇಳಲಾರದು, ಮತ್ತು ಇದು ಪಟ್ಟಿ ಮಾಡುವವನ ತಪ್ಪಲ್ಲ.

ವಯಸ್ಸಿನ ಲೆಕ್ಕವೂ ಸೂಕ್ಷ್ಮ. 19ರ ಹುಡುಗ 22ರವರ ನಡುವೆ ಸರಿಸಮನಾಗಿ ಆಡಿದರೆ ಅವನಲ್ಲಿ ಇನ್ನೂ ಬೆಳೆಯುವ ಜಾಗವಿದೆ ಎಂಬ ತರ್ಕ ಸರಿಯಾದದ್ದೇ. ಅದನ್ನು ಅತಿಗೆ ಒಯ್ದಾಗ ಮಾತ್ರ ತಂಡಗಳು ಕಣ್ಣೆದುರಿನ ಆಟವನ್ನೇ ಕಾಣದೆ ಹೋಗುತ್ತವೆ. ವಿಲನೋವಾ ವಿಶ್ವವಿದ್ಯಾಲಯದ ಪರ ಎರಡು ಕಾಲೇಜು ಪ್ರಶಸ್ತಿಗಳನ್ನು ಗೆದ್ದಿದ್ದ ಜೇಲನ್ ಬ್ರನ್ಸನ್ 2018ರಲ್ಲಿ 33ನೇ ಸ್ಥಾನದವರೆಗೆ ಕಾಯಬೇಕಾಯಿತು. ಅದೇ ವರ್ಷ, 19ರ ಪ್ರಾಯಕ್ಕೇ ಯುರೋಪಿನ ಅಗ್ರ ಕ್ಲಬ್ ಲೀಗ್ ಆದ ಯೂರೋಲೀಗ್‌ನ ಶ್ರೇಷ್ಠ ಆಟಗಾರನೆನಿಸಿದ್ದ ಲೂಕಾ ದೋನ್ಚಿಚ್ ಅವರಿಗಿಂತ ಮೊದಲು ಇಬ್ಬರ ಹೆಸರು ಕರೆಯಲಾಯಿತು. ಯುರೋಪಿನ ಎರಡನೇ ದರ್ಜೆಯ ವೃತ್ತಿಪರ ಲೀಗ್ ಕೂಡ ಅಮೆರಿಕದ ಕಾಲೇಜು ಪಂದ್ಯಗಳಿಗಿಂತ ಕಠಿಣವಾಗಿರಬಹುದು ಎಂಬುದನ್ನು ಒಪ್ಪಿಕೊಳ್ಳಲು ತಂಡಗಳು ತೆಗೆದುಕೊಂಡ ಕಾಲ ನನಗಂತೂ ಅಚ್ಚರಿಯದು.

ಅಗತ್ಯ ಮೊದಲೋ ಪ್ರತಿಭೆ ಮೊದಲೋ ಎಂಬ ಹಳೆಯ ಜಗಳ ಮಾಕ್ ಡ್ರಾಫ್ಟ್‌ನ ಒಳಗಡೆಯೇ ಇದೆ. 1984ರಲ್ಲಿ ಪೋರ್ಟ್‌ಲ್ಯಾಂಡ್ ತಂಡದಲ್ಲಿ ಮೈಕೆಲ್ ಜೋರ್ಡನ್ ಅವರದೇ ಸ್ಥಾನದಲ್ಲಿ ಆಡುವ ಕ್ಲೈಡ್ ಡ್ರೆಕ್ಸ್‌ಲರ್ ಆಗಲೇ ಇದ್ದರು, ಬೇಕಾಗಿದ್ದದ್ದು ಎತ್ತರದ ಸೆಂಟರ್. ಅವರು ಸ್ಯಾಮ್ ಬೋವೀ ಅವರನ್ನು ಆರಿಸಿಕೊಂಡರು, ಮೈಕೆಲ್ ಜೋರ್ಡನ್ ಮೂರನೆಯವರಾಗಿ ಷಿಕಾಗೋಗೆ ಹೋದರು. ನಮಗೆ ಇದು ಅಪರಿಚಿತ ಕಥೆಯೇನಲ್ಲ. 2008ರ ಮೊದಲ ಐಪಿಎಲ್‌ನಲ್ಲಿ 19 ವರ್ಷದೊಳಗಿನವರಿಗೆ ನಡೆದದ್ದು ಹರಾಜಲ್ಲ, ಡ್ರಾಫ್ಟ್. ಬ್ಯಾಟಿಂಗ್‌ನಲ್ಲಿ ಸೆಹ್ವಾಗ್, ಗಂಭೀರ್ ಇದ್ದ ದೆಹಲಿ ತಂಡ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು, ದೆಹಲಿಯವರೇ ಆದ ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದರು. ಅಂದಿನ ದಿನ ನೋಡಿದರೆ ದೆಹಲಿಯ ನಿರ್ಧಾರದಲ್ಲಿ ತರ್ಕವಿತ್ತು.

ಮಾಕ್ ಡ್ರಾಫ್ಟ್‌ಗಳ ಇನ್ನೊಂದು ತೊಡಕೆಂದರೆ ಮಾಹಿತಿ ಕೊಡುವವರಿಗೆಲ್ಲ ಸ್ವಂತ ಹಿತವಿದೆ. ಏಜೆಂಟರು ತಮಗೆ ಬೇಕಾದ ತಂಡಗಳೆದುರು ಮಾತ್ರ ಆಟಗಾರನನ್ನು ಆಡಿಸುತ್ತಾರೆ, ಬೇಡದ ತಂಡಗಳಿಗೆ ವೈದ್ಯಕೀಯ ವರದಿ ಸಿಗದಂತೆಯೂ ಹಿಂದೆ ನೋಡಿಕೊಳ್ಳುತ್ತಿದ್ದರು. ತಂಡಗಳು ತಮ್ಮ ನಿಜವಾದ ಒಲವನ್ನು ಮರೆಮಾಡಲು ಬೇರೆ ಹೆಸರುಗಳನ್ನು ತೇಲಿಬಿಡುತ್ತವೆ. ಲೆಬ್ರಾನ್ ಜೇಮ್ಸ್ ಅವರ 2003 ಅಥವಾ ವಿಕ್ಟರ್ ವೆಂಬನ್ಯಾಮಾ ಅವರ 2023ರಂಥ ವರ್ಷಗಳಲ್ಲಿ ಮೊದಲ ಹೆಸರಿನ ಬಗ್ಗೆ ಗೊಂದಲವೇ ಇರುವುದಿಲ್ಲ. ಆದರೆ 2013ರಲ್ಲಿ ಕ್ಲೀವ್‌ಲ್ಯಾಂಡ್ ಆಂಥನಿ ಬೆನೆಟ್ ಅವರ ಹೆಸರನ್ನು ಮೊದಲು ಕರೆದಾಗ ನೇರಪ್ರಸಾರದ ವಿಶ್ಲೇಷಕರೇ ಬೆರಗಾಗಿದ್ದರು. ಬೆನೆಟ್ ಅವರ ಎನ್‌ಬಿಎ ಬದುಕು ನಾಲ್ಕು ಋತುಗಳಲ್ಲಿ ಮುಗಿಯಿತು. ಅದೇ ರಾತ್ರಿ ಮಿಲ್ವಾಕಿ 15ನೆಯವರಾಗಿ ಕರೆದದ್ದು, ಗ್ರೀಸ್‌ನ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ, ಮುಂದೆ ದೊಡ್ಡ ತಾರೆಯಾದ 18ರ ಯಾನಿಸ್ ಅಂಟೆಟೊಕೂಂಪೊ ಅವರನ್ನು. ಡ್ರಾಫ್ಟ್ ಆದ ಮೇಲೂ ಅವರ ಎತ್ತರ ಬೆಳೆಯುತ್ತಲೇ ಇತ್ತು.

ಹಾಗಾಗಿ ಪಟ್ಟಿಯನ್ನು ಓದುವಾಗ ಹೆಸರಿನ ಮುಂದಿನ ಸಂಖ್ಯೆಗಿಂತ ಕೆಳಗಿನ ಕಾರಣವನ್ನು ಮೊದಲು ನೋಡಿ. ‘ಇಷ್ಟು ದೊಡ್ಡ ಗಾತ್ರದವನಾದರೂ ಚೆನ್ನಾಗಿ ಪಾಸ್ ಕೊಡಬಲ್ಲ, ಆದರೆ ವೇಗದ ಗಾರ್ಡ್‌ಗಳನ್ನು ತಡೆಯಲಾರ’ ಎಂದು ಬರೆದವರನ್ನು ಮೂರು ವರ್ಷಗಳ ಬಳಿಕ ಪರೀಕ್ಷಿಸಬಹುದು, ‘ಹುಟ್ಟು ವಿಜೇತ’ ಎಂದು ಬರೆದವರನ್ನು ಪರೀಕ್ಷಿಸಲಾಗದು. ಸ್ಥಾನ ಎನ್ನುವುದು ಸಾಧ್ಯತೆಯ ಗುರುತೇ ಹೊರತು ಭರವಸೆಯಲ್ಲ. ಮೊದಲ ಕೆಲವು ಸ್ಥಾನಗಳ ನಂತರ ಆ ಸಾಧ್ಯತೆ ಕಡಿದಾಗಿ ಇಳಿಯುತ್ತದೆ, ಎರಡನೇ ಸುತ್ತಿನವರಿಗೆ ಮೊದಲ ಸುತ್ತಿನವರಂತೆ ಖಾತರಿಯ ಕರಾರೂ ಇರುವುದಿಲ್ಲ. 2015ರಲ್ಲಿ ಪಂಜಾಬಿನ ಬಲ್ಲೋಕೆ ಗ್ರಾಮದ, 7 ಅಡಿ 2 ಅಂಗುಲದ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ 52ನೆಯವರಾಗಿ ಆರಿಸಿದಾಗ, ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗರೆಂದು ದೇಶವೆಲ್ಲ ಸಂಭ್ರಮಿಸಿತು. ಅವರು ಮುಂದೆ ಡಲ್ಲಾಸ್‌ನ ಕಿರಿಯ ತಂಡವಾದ ಟೆಕ್ಸಾಸ್ ಲೆಜೆಂಡ್ಸ್‌ಗೆ ಆಡಿದರು, ಎನ್‌ಬಿಎಯ ಒಂದು ಪಂದ್ಯವನ್ನೂ ಆಡಲಿಲ್ಲ. ಅದನ್ನು ಸೋಲೆಂದು ಬರೆದವರು 52 ಎಂಬ ಸಂಖ್ಯೆಯನ್ನು ಓದಿಯೇ ಇರಲಿಲ್ಲ.