ಬದುಕಿ ಬಂದವರಿಗೆ ಯಾವ ಮೆರವಣಿಗೆ?

ಹೋದ ಬೇಸಿಗೆಯಲ್ಲಿ ಮೆಜೆಸ್ಟಿಕ್ ಹತ್ತಿರದ ರೈಲ್ವೆ ನಿಲ್ದಾಣದಲ್ಲಿ ಒಬ್ಬ ನಿವೃತ್ತ ಯೋಧರು ಇಳಿದರು. ಕಪ್ಪು ಟ್ರಂಕು, ಅದರ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ನಂಬರು. ಕಾಯುತ್ತಿದ್ದವರು ಹೆಂಡತಿ ಮತ್ತು ಮಗಳು, ಮಗಳ ಕೈಯಲ್ಲಿ ಒಂದು ಮಲ್ಲಿಗೆ ಹಾರ. ಹಾರ ಹಾಕಿಸಿಕೊಂಡು, ಟ್ರಂಕನ್ನು ತಾವೇ ಹೆಗಲಿಗೇರಿಸಿ ಆಟೋ ಹುಡುಕಿಕೊಂಡು ಹೋದರು. ಅದೇ ವಾರ ವಾಟ್ಸಾಪ್‌ನಲ್ಲಿ ಗದಗ ಕಡೆಯ ಹಳ್ಳಿಯೊಂದರ ವಿಡಿಯೊ ಬಂತು. ತೆರೆದ ಜೀಪು, ಡೊಳ್ಳು, ದಾರಿ ತುಂಬ ಚೆಂಡುಹೂವು. ಅವರೂ ನಿವೃತ್ತರಾಗಿ ಬಂದವರೇ.

ನಮ್ಮ ನೆಲದಲ್ಲಿ ಸತ್ತ ವೀರನಿಗೆ ಕಲ್ಲು ನೆಡುವ ಪದ್ಧತಿ ಹಳೆಯದು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು 750ರದ್ದು, ಬೇಗೂರಿನದು ಸುಮಾರು 890ರದ್ದು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಕುದುರೆ ಮೇಲೆ ಈಟಿ ಹಿಡಿದು ನುಗ್ಗಿದ ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್‌ಗೆ ಜೆ.ಸಿ. ನಗರದಲ್ಲಿ ಸ್ಮಾರಕವಿದೆ, ಅದೂ ಮಡಿದವರ ನೆನಪಿಗೇ. ಬದುಕಿ ಬಂದವನಿಗೆ ಇದ್ದದ್ದು ಮನೆ ಬಾಗಿಲಿನ ಆರತಿ ಅಷ್ಟೇ.

ಸ್ವಾತಂತ್ರ್ಯದ ನಂತರ 1962, 1965, 1971 ಬಂದುಹೋದವು. ಯುದ್ಧ ಮುಗಿದರೆ ತುಕಡಿ ಹೋಗುವುದು ತನ್ನ ಕಂಟೋನ್ಮೆಂಟಿಗೆ. ಅಲ್ಲಿ ಬಡಾಖಾನಾ, ಅಂದರೆ ಅಧಿಕಾರಿ, ಜವಾನ ಅನ್ನದೆ ಎಲ್ಲರೂ ಒಟ್ಟಿಗೆ ಉಣ್ಣುವ ಊಟ. ಆಮೇಲೆ ರಜೆ ಸಿಕ್ಕ ಹಾಗೆ ಒಬ್ಬೊಬ್ಬರೇ ಊರಿನ ರೈಲು ಹತ್ತುತ್ತಾರೆ. ಊರಿಗೆ ಊರೇ ನಿಂತು ಕಾಯುವಂಥ ಒಂದು ದಿನ ಅಂತ ಇರುವುದೇ ಇಲ್ಲ.

ಈ ಪ್ರಶ್ನೆ ನಿಜಕ್ಕೂ ನೋವಾಗಿದ್ದು 1990ರಲ್ಲಿ. 1987ರ ಜುಲೈನಲ್ಲಾದ ಭಾರತ-ಶ್ರೀಲಂಕಾ ಒಪ್ಪಂದದ ನಂತರ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಶಾಂತಿ ಕಾಯಲು ಹೋದವರು ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಯುದ್ಧವನ್ನೇ ಮಾಡಬೇಕಾಯಿತು, ನಮ್ಮವರು ಸುಮಾರು 1,200 ಜನ ಸತ್ತರು. ನಮ್ಮ ಕಡೆಯ ಹುಡುಗರು ಸೇರುವ ಮದ್ರಾಸ್ ರೆಜಿಮೆಂಟ್‌ನ ಯೋಧರೂ ಅಲ್ಲಿದ್ದರು. ಕೊನೆಯ ತಂಡ ಮಾರ್ಚ್‌ನಲ್ಲಿ ಹಡಗಿನಲ್ಲಿ ಮದ್ರಾಸಿಗೆ ಬರುವ ಹೊತ್ತಿಗೆ ದೆಹಲಿಯಲ್ಲಿ ಕಳಿಸಿದ ಸರ್ಕಾರ ಇರಲಿಲ್ಲ, ಮದ್ರಾಸಿನಲ್ಲಿ ರಾಜ್ಯದ ಮುಖ್ಯಮಂತ್ರಿ ಸ್ವಾಗತಕ್ಕೆ ಬರಲಿಲ್ಲ. ಅದಕ್ಕೆ ರಾಜಕೀಯ ಕಾರಣಗಳಿದ್ದವು, ಅಲ್ಲಿನ ತಮಿಳರ ಸಂಕಟವೂ ಸುಳ್ಳಲ್ಲ. ಆದರೆ ಆದೇಶ ಕೊಟ್ಟದ್ದು ಜವಾನನಲ್ಲ, ಅಲ್ವಾ? ಆ ಸತ್ತವರಿಗೆ ಕೊಲಂಬೊ ಹತ್ತಿರ ಮೊದಲೇ ಸ್ಮಾರಕ ಎದ್ದಿತ್ತು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಗಿದ್ದು 2019ರಲ್ಲಿ.

1999ರ ಕಾರ್ಗಿಲ್ ಎಲ್ಲವನ್ನೂ ಬದಲಿಸಿತು. ನಮ್ಮ 527 ಜನ ಮಡಿದ ಆ ಯುದ್ಧ ಟಿವಿಯಲ್ಲಿ ಮನೆಯೊಳಗೇ ಬಂತು, ಶವಪೆಟ್ಟಿಗೆಗಳು ಹಳ್ಳಿಗಳಿಗೆ ಬಂದವು, ಜನ ಸಾಲುಗಟ್ಟಿ ನಿಂತರು. ಈಚಿನ ವರ್ಷಗಳಲ್ಲಿ ಉತ್ತರ ಕರ್ನಾಟಕದ ಊರುಗಳು ಬದುಕಿ ಬಂದವರಿಗೂ ಜೀಪು ತರುತ್ತಿವೆ. ಯಾರ ಆದೇಶವೂ ಇಲ್ಲ, ಊರವರೇ ಚಂದಾ ಎತ್ತಿ ಮಾಡುತ್ತಾರೆ. ನನಗೆ ಇದು ತುಂಬಾ ಇಷ್ಟ.

ಬೇಡ ಅನ್ನುವವರ ಮಾತಲ್ಲೂ ಹುರುಳಿದೆ. ಫ್ಲೆಕ್ಸ್‌ನಲ್ಲಿ ಯೋಧನ ಮುಖಕ್ಕಿಂತ ಮುಖಂಡರ ಮುಖ ಜಾಸ್ತಿ ದೊಡ್ಡದಿರುತ್ತದೆ, ಪಟಾಕಿ ಸದ್ದು ಕೆಲವರಿಗೆ ಹಳೆಯದನ್ನೆಲ್ಲ ಎಬ್ಬಿಸುತ್ತದೆ. ಅಮೆರಿಕದಲ್ಲೂ ಇದೇ ಗೊಂದಲ. ವಿಯೆಟ್ನಾಂನಿಂದ ಒಬ್ಬೊಬ್ಬರೇ ವಿಮಾನದಲ್ಲಿ ಬಂದಿಳಿದವರಿಗೆ ನ್ಯೂಯಾರ್ಕ್ ಮೆರವಣಿಗೆ ಮಾಡಿದ್ದು 1985ರಲ್ಲಿ, ಯುದ್ಧ ಮುಗಿದು ಹತ್ತು ವರ್ಷವಾದ ಮೇಲೆ. 2012ರಲ್ಲಿ ಇರಾಕ್‌ನಿಂದ ಬಂದವರಿಗೆ ಸೇಂಟ್ ಲೂಯಿಸ್ ಊರು ಮೆರವಣಿಗೆ ಮಾಡಿತು, ಅಫ್ಗಾನಿಸ್ತಾನದಲ್ಲಿ ಇನ್ನೂ ಯುದ್ಧವಿದೆ ಅಂತ ನ್ಯೂಯಾರ್ಕ್ ತಡೆಯಿತು. ಸಿಯಾಚಿನ್‌ನಲ್ಲಿ ನಮ್ಮವರು 1984ರಿಂದ ಇದ್ದಾರೆ. ಮುಗಿಯಲಿ ಅಂತ ಕಾದರೆ ಅಲ್ಲಿಂದ ಇಳಿದವರಿಗೆ ಹಾರ ಹಾಕುವುದು ಯಾವಾಗ?

ಈಗ ಅಗ್ನಿಪಥ ಯೋಜನೆಯಲ್ಲಿ ಸೇನೆ ಸೇರಿದ ಅಗ್ನಿವೀರರ ಸರದಿ. ಮೊದಲ ತಂಡ ತರಬೇತಿ ಶುರುಮಾಡಿದ್ದು 2023ರ ಜನವರಿಯಲ್ಲಿ, ಹಲಸೂರು ಕೆರೆ ಪಕ್ಕದ ಸ್ಯಾಪರ್ಸ್ (ಸೇನೆಯ ಎಂಜಿನಿಯರಿಂಗ್ ದಳ) ಕೇಂದ್ರದಲ್ಲೂ. ಸೇವೆ ನಾಲ್ಕೇ ವರ್ಷ. ಮುಂದುವರಿಯುವವರು ನೂರಕ್ಕೆ 25ರವರೆಗೆ ಮಾತ್ರ, ಉಳಿದವರು ಪಿಂಚಣಿ ಇಲ್ಲದೆ ಊರಿಗೆ. ಹೆಚ್ಚಿನವರಿಗೆ ಆಗ ಇಪ್ಪತ್ತೈದೂ ತುಂಬಿರುವುದಿಲ್ಲ. ಆ ಹುಡುಗರನ್ನು ಕರೆತರಲು ನಿಲ್ದಾಣಕ್ಕೆ ಯಾರು ಹೋಗುತ್ತಾರೆ?